ಗಾಡಿಯ ಮೇಲಿನ ಹ್ಞೂಂ

ಮಸ್ಕಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಮರಿಸ್ವಾಮಿ, ಬುಲೆಟ್ ಓಡಿಸುವಾಗ ಹೆಂಡತಿ ಏನು ಕೇಳಿದರೂ ‘ಹ್ಞೂಂ’ ಅನ್ನುತ್ತಿದ್ದ. ಗಾಳಿಯ ಭರಕ್ಕೆ, ಇಂಜಿನ್ನಿನ ಸದ್ದಿಗೆ ಅವನಿಗೆ ಮಾತು ಕೇಳಿಸುವುದಿಲ್ಲವೆಂದು ಕಲ್ಯಾಣಮ್ಮ ಮದುವೆಯಾದ ವರ್ಷವೇ ಲೆಕ್ಕ ಹಾಕಿದ್ದಳು.

ಮನೆಯಲ್ಲಿ ಕೇಳಿದರೆ ಅವನು ‘ಅವ್ವನ್ನ ಕೇಳು’ ಅನ್ನುತ್ತಿದ್ದ. ಅತ್ತೆ ಬಸವಣ್ಣೆಮ್ಮ ‘ಬ್ಯಾಡ’ ಅಂದರೆ ಮುಗಿಯಿತು. ಹಾಗಾಗಿ ಅವಳು ಕೇಳುವುದನ್ನೆಲ್ಲ ಗಾಡಿಯ ಮೇಲೆ ಕೇಳತೊಡಗಿದಳು. ಹೊಲಿಗೆ ಮಷೀನು ಹೀಗೇ ಬಂತು. ಮುಕ್ಕುಂದದ ತವರಿನಲ್ಲಿ ಹದಿನೈದು ದಿನ ಹೀಗೇ ಸಿಕ್ಕಿತು. ಬಿಟ್ಟುಹೋಗಿದ್ದ ಹತ್ತನೇ ತರಗತಿ ಪರೀಕ್ಷೆಗೆ ಮನೆಯಿಂದಲೇ ಓದಿ ಕೂತದ್ದೂ ಹೀಗೇ. ಅತ್ತೆ ಹಾರಾಡಿದರೆ, ‘ಇವರನ್ನ ಕೇಳೇ ಮಾಡೀನ್ರಿ, ಹ್ಞೂಂ ಅಂದಾರ’ ಅನ್ನುವಳು. ಮರಿಸ್ವಾಮಿ ತಲೆ ಕೆರೆದುಕೊಂಡು, ‘ಗಾಡಿ ಮ್ಯಾಲೆ ಕೇಳಿಸಿಲ್ಲ ಬೇ, ಹ್ಞೂಂ ಅಂದಿರಬೇಕು’ ಅನ್ನುವನು. ಗಂಡಸು ಒಮ್ಮೆ ಹ್ಞೂಂ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ರೂಢಿ ಆ ಮನೆಯಲ್ಲಿರಲಿಲ್ಲ.

ಹನ್ನೊಂದು ವರ್ಷ ಇದು ನಡೆಯಿತು. ೧೯೯೪ರ ದಸರೆಯ ಹೊತ್ತಿಗೆ ಸಿಂಧನೂರಿನಿಂದ ಒಂದು ಸುದ್ದಿ ಬಂತು. ರೇಡಿಯೋ ರಿಪೇರಿ ಮಾಡುವ ಕರೀಂಸಾಬ್ ಹೆಲ್ಮೆಟ್ಟಿನೊಳಗೆ ಟೆಲಿಫೋನಿನ ಸಾಮಾನು ಕೂರಿಸಿ, ಎರಡು ಹೆಲ್ಮೆಟ್ಟಿನ ನಡುವೆ ವೈರು ಎಳೆದು, ಮುಂದೆ ಕೂತವರೂ ಹಿಂದೆ ಕೂತವರೂ ಮಾತಾಡಿಕೊಳ್ಳುವ ಹಾಗೆ ಮಾಡಿದ್ದಾನಂತೆ. ಜನ ಅದನ್ನು ಮಾತಿನ ಟೋಪಿ ಅಂದರು. ಬಸವಣ್ಣೆಮ್ಮ ಮಗನನ್ನು ಕರೆದು ಹೇಳಿದಳು:

‘ಅಕೀನೂ ಕರಕೊಂಡ್ ಹೋಗು. ಅಕಿ ಅಂದದ್ದು ಒಂದಕ್ಷರ ಬಿಡದಂಗ ಕೇಳಬೇಕು, ಅಂಥಾದ್ದು ನೋಡಿ ತಗೊಂಡ್ ಬಾ. ಇನ್ ಮ್ಯಾಲೆ ಕೇಳಿಸಿಲ್ಲ ಅನ್ನಂಗಿಲ್ಲ ನೋಡು.’

ಕಲ್ಯಾಣಮ್ಮನ ಚೀಲದಲ್ಲಿ ಒಂದು ಅರ್ಜಿ ಇತ್ತು. ಲಿಂಗಸುಗೂರಿನಲ್ಲಿ ಹೊಲಿಗೆ ಕಲಿಸುವವರಿಗೆ ಒಂದು ವರ್ಷದ ತರಬೇತಿ. ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು. ಸೋಮವಾರ ಕಡೆಯ ದಿನ. ಸಿಂಧನೂರಿಗೆ ಹೋಗುವಾಗಲೇ ಕೇಳಿಬಿಡಬೇಕೆಂದುಕೊಂಡಿದ್ದಳು. ಆದರೆ ಇಷ್ಟು ದೊಡ್ಡದನ್ನು ಕೇಳಿಸದ ಕಿವಿಗೆ ಹೇಳಲು ಬಾಯಿ ಬರಲಿಲ್ಲ. ಬರುವಾಗ ಟೋಪಿ ಇರುತ್ತದೆ. ಆಗ ಅವನು ಕೇಳಿಸಿಕೊಂಡು ‘ಅವ್ವನ್ನ ಕೇಳು’ ಅನ್ನುತ್ತಾನೆ.

ಕರೀಂಸಾಬ್ ಮೂರು ಜೊತೆ ತೆಗೆದಿಟ್ಟ.

‘ಇದ್ರಾಗ ಮುಂದಿನವ್ರು ಮಾತಾಡ್ತಾರ, ಹಿಂದಿನವ್ರು ಬರೇ ಕೇಳ್ತಾರ. ಮನ್ಯಾಗ ಇದ್ದಂಗ. ಇದು ನಡುವಿಂದು, ಇಬ್ರೂ ಮಾತಾಡಬಹುದು, ಆದ್ರ ಗರ್ ಅಂತೈತಿ. ಇದು ಮಾತ್ರ ಖಾಸ್ ಮಾಲು. ಉಸಿರು ಸುದ್ದಾ ಕೇಳಿಸ್ತೈತಿ.’

ಖಾಸ್ ಜೊತೆ ಹಾಕಿಸಿ, ಇಬ್ಬರನ್ನೂ ಬುಲೆಟ್ ಮೇಲೆ ಕೂರಿಸಿ, ನಿಂತಲ್ಲೇ ಇಂಜಿನ್ ಚಾಲೂ ಮಾಡಿಸಿದ. ‘ಅಕ್ಕಾರ, ಏನರ ಅನ್ರಿ. ಸಾವ್ಕಾರ್ರ ಹೆಸರು ಹಿಡಿದು ಕರೀರಿ.’

‘ಹೆಸರು ಹೆಂಗ್ ಹಿಡೀಲಪ್ಪಾ?’

‘ಹಂಗಾರ ಬೈರಿ.’

ಅವಳಿಗೆ ಗಂಡನ ಉಸಿರು ಕೇಳಿಸಿತು. ಅವನು ಅಡಿಕೆ ಕಡಿಯುವುದು ಕೂಡ. ಇಷ್ಟು ಹತ್ತಿರದಿಂದ ಅವನನ್ನು ಎಂದೂ ಕೇಳಿರಲಿಲ್ಲ. ಏನು ಹೇಳುವುದೋ ತೋಚದೆ ಕಣ್ಣೆದುರಿಗಿದ್ದುದನ್ನೇ ಹೇಳಿದಳು: ‘ಕಾಲರ್ ಒಳಗ ಮಡಚೈತ್ರಿ.’

ಮರಿಸ್ವಾಮಿ ಕೈ ಹಿಂದೆ ತಂದು ಕಾಲರ್ ಸರಿ ಮಾಡಿಕೊಂಡ. ಆಮೇಲೆ ಇಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ‘ಏನೂ ಕೇಳಸವಲ್ದಲ್ಲೋ ಕರೀಂಸಾಬ್’ ಅಂದ.

ಕಲ್ಯಾಣಮ್ಮ ಆ ಕಾಲರನ್ನೇ ನೋಡುತ್ತ ಕೂತಳು. ನೆಟ್ಟಗಿತ್ತು. ಹೊಲಿಗೆ ಮಷೀನು, ಮುಕ್ಕುಂದ, ಪರೀಕ್ಷೆ, ಎಲ್ಲ ಒಂದೊಂದಾಗಿ ನೆನಪಾದವು. ಕದ್ದು ತಿಂದೆನೆಂದುಕೊಂಡ ಬೆಲ್ಲವನ್ನು ಯಾರೋ ಗೊತ್ತಿದ್ದೇ ಕೈಗೆ ಎಟುಕುವಲ್ಲಿ ಇಟ್ಟಿದ್ದರು. ಸಿಹಿ ಸಿಹಿಯೇ. ಆದರೆ ತನ್ನ ಜಾಣತನವೆಂದು ಹನ್ನೊಂದು ವರ್ಷ ಇಟ್ಟುಕೊಂಡಿದ್ದದ್ದು ತನ್ನದಾಗಿರಲಿಲ್ಲ. ಅವನೂ ಅದೇ ಗಾಳಿಯ ಮರೆಯಲ್ಲಿ ತಾಯಿಯಿಂದ ಅಡಗಿದ್ದ.

ಅವನು ನಡುವಿನ ಜೊತೆ ಆರಿಸಿದ. ‘ನನ್ನ ಕಿವಿಗೆ ಇದ ಹೊಂದತೈತಿ.’

‘ಖಾಸ್ ಬಿಟ್ಟು ಗರ್ ಅನ್ನೋದಾ?’ ಕರೀಂಸಾಬ್ ಹಣೆ ಬಡಿದುಕೊಂಡ. ‘ಮಾತಿನ ಟೋಪಿ ಒಯ್ಯಾಕ ಬಂದು ಮಾತಿಗೇ ಟೋಪಿ ಹಾಕಾಕತ್ತೀರಲ್ರೀ ಸಾವ್ಕಾರ್ರ!’

ಮಸ್ಕಿಯ ದಾರಿಯಲ್ಲಿ ಟೋಪಿ ಗರ್ ಅನ್ನುತ್ತಲೇ ಇತ್ತು. ಈಗ ಕೇಳಿದರೆ ಹ್ಞೂಂ ಸಿಗುತ್ತದೆಂದು ಅವಳಿಗೆ ಗೊತ್ತಿತ್ತು. ಕಾಲುವೆಯ ಸೇತುವೆ ಬಂದಾಗ ಅವನ ಬೆನ್ನಿಗೆ ಎರಡು ಸಲ ತಟ್ಟಿದಳು. ಎರಡು ಸಲ ತಟ್ಟಿದರೆ ನಿಲ್ಲಿಸು ಎಂದು ಅವರ ನಡುವಿನ ಸಂಜ್ಞೆ. ಅವನು ನಿಲ್ಲಿಸಿ ಇಂಜಿನ್ ಆರಿಸಿದ. ಇಬ್ಬರೂ ಹೆಲ್ಮೆಟ್ ತೆಗೆದರು. ವೈರು ಬಿಚ್ಚಿರಲಿಲ್ಲವಾದ್ದರಿಂದ ಹೆಚ್ಚು ದೂರ ನಿಲ್ಲುವಂತಿರಲಿಲ್ಲ.

‘ಲಿಂಗಸುಗೂರಾಗ ಹೊಲಿಗಿ ಟ್ರೇನಿಂಗ್ ಐತ್ರಿ. ಒಂದು ವರ್ಷ. ದಿನಾ ಹೋಗಿ ಬರ್ತೀನಿ. ಹೋಗ್ಲೇನ್ರಿ?’

ಮರಿಸ್ವಾಮಿ ಕಿಕ್ಕರ್ ಮೇಲೆ ಕಾಲಿಟ್ಟ. ‘ತಡೀ, ಗಾಡಿ ಚಾಲೂ ಮಾಡ್ತೀನಿ. ಆಮ್ಯಾಲೆ ಕೇಳು.’

‘ಕಾಲರ್ ಸರಿ ಮಾಡ್ಕೊಂಡ್ರಲ್ಲ,’ ಅಂದಳು. ‘ಈಗ ಹೇಳ್ರಿ.’

ಅವನು ಕಾಲು ತೆಗೆದ. ಕಾಲುವೆ ತುಂಬಿ ಹರಿಯುತ್ತಿತ್ತು, ಸದ್ದಿಲ್ಲದೆ. ಒಂದು ಟ್ರ್ಯಾಕ್ಟರ್ ದಾಟಿ ಹೋಯಿತು. ಅದರ ಸದ್ದಿನಲ್ಲಿ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಅದು ದೂರವಾದ ಮೇಲೆ ಅಂದ: ‘ಹೋಗು.’

‘ಅತ್ತಿಯವ್ರಿಗೆ ಏನಂತೀರಿ?’

ಅವನು ವೈರನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

‘ಕೇಳಿಸ್ತು ಅಂತೀನಿ.’