ಒಂದು ದಿನದ ಹೂದೋಟ

"ಕತ್ತೆಮುಂಡೇವಾ! ಒಂದು ಗಿಡ ನೆಡೋ ಯೋಗ್ಯತೆ ಇಲ್ಲ, ಹೊತ್ತು ಹೊತ್ತಿಗೆ ನುಂಗೋಕೆ ಮಾತ್ರ ಬಾಯಿ ಇದೆ!"

ಯಜಮಾನ ಬಾಡಿ ಬಿದ್ದ ಚೆಂಡುಹೂವಿನ ಗಿಡವೊಂದನ್ನು ಕಿತ್ತು ನನ್ನ ಮುಖಕ್ಕೆ ಎಸೆದ. ಅದರ ಬೇರು ಸುಟ್ಟ ದಾರದ ಹಾಗಾಗಿತ್ತು.

"ನಾವು ಸರಿಯಾಗೇ ನೆಟ್ಟಿದ್ದೀವಿ ಧಣಿ," ಎಂದಳು ನನ್ನ ಅತ್ತೆ, ಸೊಂಟ ನೇರ ಮಾಡಿಕೊಳ್ಳುತ್ತ. "ಮಣ್ಣೇ ಒಲ್ಲೆ ಅಂತಿದೆ."

"ಮುಚ್ಚೆ ಬಾಯಿ, ಮುದಿಗೂಬೆ!"

ಮಣ್ಣು ಒಲ್ಲೆ ಎನ್ನದೆ ಇನ್ನೇನು ಮಾಡೀತು? ಅದು ನಲ್ಲಿಗಳಿಗೆ ಮೆರುಗು ಕೊಡುವ ಕಾರ್ಖಾನೆ. ತೊಟ್ಟಿಯಲ್ಲಿ ಅದ್ದಿ ತೆಗೆದ ನಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಉಳಿದ ಹಳದಿ ನೀರನ್ನು ನಾವು ಹೆಂಗಸರು ಬಕೆಟ್ಟಿನಲ್ಲಿ ಹೊತ್ತು ಹಿಂದಿನ ಬಯಲಿಗೆ ಸುರಿಯುತ್ತಿದ್ದೆವು, ವರ್ಷಗಟ್ಟಲೆ. ಆ ತೊಟ್ಟಿಯ ಹಬೆ ಕುಡಿದು ಕುಡಿದು ಅತ್ತೆಯ ಮೂಗಿನ ನಡುಗೋಡೆಯೇ ತೂತಾಗಿತ್ತು. "ಈ ಹೊಳ್ಳೆ ಕಟ್ಟಿದ್ರೆ ಆ ಹೊಳ್ಳೆ ಗಾಳಿ ಕೊಡುತ್ತೆ ಕಣ್ರೇ. ನೆಗಡಿ ಬಂದ್ರೆ ನಾನೇ ಮಹಾರಾಣಿ," ಎಂದು ಅವಳೇ ಹೇಳಿ ಅವಳೇ ನಗುತ್ತಿದ್ದಳು.

ಈಗ ಕಾರ್ಖಾನೆ ಮುಚ್ಚಿ, ಜಾಗ ಮಾರಾಟಕ್ಕಿತ್ತು. ನೆಲದಲ್ಲಿ ವಿಷ ಇದೆಯೋ ಇಲ್ಲವೋ ನೋಡಿ ಬನ್ನಿ ಎಂದು ಕೊಳ್ಳುವವರು ಒಬ್ಬ ಮೇಡಂ ಅವರನ್ನು ಮರುದಿನ ಕಳಿಸುವವರಿದ್ದರು. ಮೊದಲು ಸುತ್ತಾಡಿ ನೋಡುತ್ತಾರಂತೆ, ಇದ್ದವರನ್ನು ಕೇಳುತ್ತಾರಂತೆ. ಅನುಮಾನ ಬಂದರೆ ಮಾತ್ರ ಕೊರೆದು ಮಣ್ಣು ಒಯ್ಯುತ್ತಾರಂತೆ. ಅನುಮಾನವೇ ಬರದಿರಲಿ ಎಂದು ಈ ತೋಟ.

"ಹೊಸ ಗಿಡ ತರಿಸಿ ಕುಂಡದ ಸಮೇತ ಹೂತುಬಿಡೋಣ ಧಣಿ," ಎಂದ ಮೇಸ್ತ್ರಿ. "ಮೇಲೆ ಒಂದು ಪದರ ಒಳ್ಳೆ ಮಣ್ಣು ಹಾಕಿದ್ರೆ ಯಾರಪ್ಪನಿಗೂ ಗೊತ್ತಾಗಲ್ಲ."

ಯಜಮಾನನ ಮುಖ ಅರಳಿತು. ನಮ್ಮ ಕಡೆ ತಿರುಗಿ ಬೆರಳು ಆಡಿಸಿದ. "ಇಲ್ಲಿ ಮೊದಲಿಂದಲೂ ತೋಟ ಇತ್ತು. ತಿಳೀತಾ? ಯಾವಳಾದ್ರೂ ತುಟಿ ಬಿಚ್ಚಿದ್ರೆ ನಾನು ಕೊಟ್ಟಿರೋ ಲೈನ್ ಮನೆಯಿಂದ ಎತ್ತಿ ಬಿಸಾಕ್ತೀನಿ."

ಕುಂಡ ಹೂಳುವ ಕೆಲಸ ನಮಗೇನೋ ತಮಾಷೆಯಾಗಿಯೇ ಇತ್ತು. "ಗಿಡಕ್ಕೆ ಚಡ್ಡಿ ಹಾಕಿ ಕೂರಿಸಿದ ಹಾಗಿದೆ," ಎಂದು ಪಕ್ಕದ ಮನೆಯವಳು ಕಿಸಕ್ಕೆಂದಳು. ಮಧ್ಯಾಹ್ನ ಗೋಡೆಯ ನೆರಳಲ್ಲಿ ಬುತ್ತಿ ಬಿಚ್ಚಿದಾಗಲೂ ಅದೇ ನಗು. ಆಗ ಮೇಸ್ತ್ರಿ ಬೀಡಿ ಹಚ್ಚುತ್ತ ಸುಮ್ಮನೆ ಹೇಳಿದ, "ಇಲ್ಲಿ ಪುಟ್ಟ ಮಕ್ಕಳ ಶಾಲೆ ಕಟ್ತಾರಂತೆ. ಈ ಬಯಲೇ ಆಟದ ಜಾಗ."

ಅತ್ತೆಯ ಕೈಯ ತುತ್ತು ಅಲ್ಲೇ ನಿಂತಿತು. "ಎಷ್ಟು ಪುಟ್ಟವೋ?"

"ಈಗಷ್ಟೇ ನಡೆಯೋಕೆ ಕಲಿತಿರ್ತಾವಲ್ಲ, ಅಷ್ಟು."

ಅವನು ಎದ್ದು ಹೋದ. ಅತ್ತೆ ತುತ್ತನ್ನು ಮತ್ತೆ ಬುತ್ತಿಗೇ ಹಾಕಿದಳು. "ಮಣ್ಣು ತಿನ್ನೋ ವಯಸ್ಸು ಕಣೇ ಅದು," ಎಂದಳು. ಕೈ ತೊಳೆದು ಬಂದು ನನ್ನ ಕಿವಿಯ ಹತ್ತಿರ ಬಾಗಿದಳು. "ಕುಂಡಗಳನ್ನ ತೀರಾ ಆಳಕ್ಕೆ ಹೂಳಬೇಡ."

"ಮನೆ ಹೋಗುತ್ತೆ ಅತ್ತೆ."

"ಜಾಗ ಮಾರಿದ ಮೇಲೆ ಇಟ್ಟುಕೊಳ್ತಾನಾ ನಮ್ಮನ್ನ? ಹೇಗೂ ಹೋಗೋದೇ. ಬಾಲ ಮುದುರಿಕೊಂಡು ಹೋಗೋದಾ, ಮೆರೆದು ಹೋಗೋದಾ, ಅಷ್ಟು ಹೇಳು."

ಸಂಜೆಯೊಳಗೆ ಆ ಮಾತು ಬಾಯಿಂದ ಬಾಯಿಗೆ ಬಯಲೆಲ್ಲ ಸುತ್ತಿತು.

ಮರುದಿನ ಮೇಡಂ ಬಂದರು. ಮೊಣಕಾಲುದ್ದದ ಬೂಟು, ಬಿಸಿಲಿಗೆ ಟೋಪಿ. ಯಜಮಾನ ಛತ್ರಿ ಹಿಡಿದು ಹಿಂದೆ ಹಿಂದೆಯೇ ಓಡಾಡಿದ. ಹೂಗಳ ನಡುವೆ ನಿಂತು ಅವರು ಕೇಳಿದರು, "ಇಲ್ಲಿ ಮೊದಲು ಏನಿತ್ತು?"

"ತೋಟವೇ ಮೇಡಂ, ನಮ್ಮ ಅಪ್ಪನ ಕಾಲದಿಂದಲೂ."

"ಇವರನ್ನೂ ಸ್ವಲ್ಪ ಕೇಳಬೇಕಿತ್ತು."

"ಇವಕ್ಕೇನು ಗೊತ್ತು ಮೇಡಂ, ದನಗಳು. ಹೊರು ಅಂದ್ರೆ ಹೊರ್ತಾವೆ."

ಮೇಡಂ ಅವನನ್ನು ದಾಟಿ ಅತ್ತೆಯ ಹತ್ತಿರ ಬಂದರು. "ಅಜ್ಜಿ, ಈ ಹೂವೆಲ್ಲ ನೀವೇ ಬೆಳೆಸಿದ್ದಾ?"

"ಹೂಂ ತಾಯಿ. ನಿನ್ನೆ ಮಧ್ಯಾಹ್ನ ಬೆಳೆಸಿದ್ವಿ."

ಯಾರೋ ಕಿಸಕ್ಕೆಂದರು. ಯಜಮಾನ ಕೆಮ್ಮಿದ.

"ಚೆನ್ನಾಗಿದೆಯಲ್ವಾ? ಒಂದು ತಗೊಂಡು ಹೋಗಿ," ಎನ್ನುತ್ತ ಅತ್ತೆ ಬಾಗಿ, ಗಿಡದ ಬುಡಕ್ಕೆ ಕೈ ಹಾಕಿ ಎತ್ತಿದಳು. ಕುಂಡವೇ ಮೇಲೆ ಬಂತು. ಅದನ್ನು ಮಗು ಕೊಟ್ಟ ಹಾಗೆ ಮೇಡಂ ಕೈಗೆ ಕೊಟ್ಟಳು. ನಾನೂ ಎತ್ತಿದೆ. ಪಕ್ಕದ ಮನೆಯವಳು ಎರಡೆರಡು ಎತ್ತಿದಳು. ನೋಡನೋಡುತ್ತಿದ್ದಂತೆ ತೋಟಕ್ಕೆ ತೋಟವೇ ನಮ್ಮ ಕಂಕುಳಲ್ಲಿತ್ತು. ನೆಲದ ತುಂಬ ದುಂಡನೆಯ ಗುಂಡಿಗಳು, ಒಂದೊಂದರ ತಳವೂ ಹಸಿರು ಬೆರೆತ ಹಳದಿ.

ಮೇಡಂ ಕುಕ್ಕರಗಾಲಲ್ಲಿ ಕೂತು ನೋಡಿದರು. ಮುಟ್ಟಲಿಲ್ಲ. "ಕೊರೆಯಲೇಬೇಕು. ಇಂಥ ಜಾಗ ಎಲ್ಲೆಲ್ಲಿದೆ, ಯಾರಾದರೂ ತೋರಿಸ್ತೀರಾ?"

"ಒಬ್ಬ ಸೂಳೆಯೂ ಹೆಜ್ಜೆ ಎತ್ತಕೂಡದು!" ಯಜಮಾನ ಛತ್ರಿ ಎಸೆದು ಅತ್ತೆಯತ್ತ ಕೈ ಎತ್ತಿದ. ಅತ್ತೆ ಕದಲಲಿಲ್ಲ, ಕತ್ತೆತ್ತಿ ತೂತುಬಿದ್ದ ಮೂಗನ್ನೇ ಅವನ ಮುಂದೆ ಹಿಡಿದಳು.

"ಹೊಡಿ ಧಣಿ. ಮೂಗಿಗೆ ಮಾತ್ರ ಬೇಡ, ಅದರಲ್ಲಿ ಗೋಡೆ ಇಲ್ಲ, ಕೈ ಆ ಕಡೆ ಹೋಗಿಬಿಡುತ್ತೆ."

ಮೇಡಂ ನಡುವೆ ಬಂದು ನಿಂತರು. ಎತ್ತಿದ ಕೈ ಕೆಳಗಿಳಿಯಿತು. "ಮೇಸ್ತ್ರಿ! ಈ ಬೋಳಿಮುಂಡೇರ ಸಾಮಾನೆಲ್ಲ ಬೀದಿಗೆ ಬಿಸಾಕೋ!"

ಮೇಸ್ತ್ರಿ ಲೈನ್ ಮನೆಗಳ ಕಡೆ ಓಡಿದ. ನನ್ನ ಕಾಲು ಅತ್ತಲೇ ಎಳೆಯಿತು. ಅಷ್ಟರಲ್ಲಿ ಅತ್ತೆ ಬೇಲಿಯ ಮೂಲೆಗೆ ನಡೆದುಹೋಗಿ, ಕಾಲೂರಿ, ಕೈ ಎತ್ತಿ ನಿಂತಳು. "ನಾನು ಸುರಿದದ್ದು ಇಲ್ಲಿ ತಾಯಿ!"

ಪಕ್ಕದ ಮನೆಯವಳು ಬಾವಿಯ ಬಳಿ ನಿಂತಳು. "ನಾನು ಇಲ್ಲಿ!" ಇನ್ನೊಬ್ಬಳು ಚರಂಡಿಯ ಬಾಯಲ್ಲಿ. ಮತ್ತೊಬ್ಬಳು ಗೋಡೆಯ ಬುಡದಲ್ಲಿ. ನಾನು ಬಯಲಿನ ನಟ್ಟನಡುವೆ ಹೋಗಿ ನಿಂತೆ. ಬಸುರಿಯಾಗಿದ್ದಾಗ ದೂರ ಹೊರಲಾರದೆ ನಾನು ಸುರಿಯುತ್ತಿದ್ದದ್ದು ಅಲ್ಲಿ. "ಇಲ್ಲಿ!" ಎಂದು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ಬಯಲ ತುಂಬ ಗೂಟ ನೆಟ್ಟ ಹಾಗೆ ನಾವು ಹೆಂಗಸರು. ಮೇಡಂ ಒಬ್ಬೊಬ್ಬರ ಬಳಿಗೂ ಬಂದು ಕಾಲ ಬುಡದಲ್ಲಿ ಸುಣ್ಣದ ಗುರುತು ಹಾಕತೊಡಗಿದರು. ಲೈನ್ ಮನೆಗಳ ಕಡೆಯಿಂದ ಪಾತ್ರೆಗಳು ಬೀದಿಗೆ ಬೀಳುವ ಸದ್ದು ಢಣಾಢಣ ಕೇಳಿಸಿತು.

"ಮೆಲ್ಲಗೆ ಹಾಕೋ ಮೇಸ್ತ್ರಿ!" ಎಂದು ಅತ್ತೆ ಮೂಲೆಯಿಂದಲೇ ಕೂಗಿದಳು. "ದೊಡ್ಡ ಪಾತ್ರೇಲಿ ರಾತ್ರಿಗೆ ಅಡುಗೆ ಆಗಬೇಕು, ಎಲ್ಲರಿಗೂ!"

ಬಯಲೆಲ್ಲ ನಕ್ಕಿತು. ಯಾರೂ ಜಾಗ ಬಿಟ್ಟು ಕದಲಲಿಲ್ಲ.