ಎಡೆಯ ಮುಂದಿನ ಅಂಗಿ

ಮುನಿಗಂಗಪ್ಪ ನಡುಮನೆಯ ಬಾಗಿಲನ್ನು ಎಳೆದುಕೊಂಡು ಹೊರಗಿನಿಂದ ಚಿಲಕ ಹಾಕಿದರು. ಸಾಂಬ್ರಾಣಿ ಹೊಗೆಗೆ ಸೊಸೆ ಶಶಿರೇಖಾಳ ಕಣ್ಣು ಉರಿಯುತ್ತಿತ್ತು. ಒಳಗೆ ಫೋಟೋಗಳ ಮುಂದೆ ಎಲೆ ತುಂಬ ಬಡಿಸಿಟ್ಟಿದ್ದರು. ಮಾವನ ಅಪ್ಪನಿಗೆ ಮುದ್ದೆ, ತಲೆಮಾಂಸದ ಸಾರು, ಒಂದು ಕಟ್ಟು ಬೀಡಿ. ಅಜ್ಜಿಗೆ ಕಜ್ಜಾಯ, ಎಲೆ ಅಡಿಕೆ. ಶಿವರಾಮನಿಗೆ ಬೋಟಿ ಗೊಜ್ಜು, ಒತ್ತುಶಾವಿಗೆ.

ಶಿವರಾಮ ಅವಳ ಗಂಡ. ಕಾಶ್ಮೀರದಲ್ಲಿ ರಸ್ತೆ ಕಾಯುವ ಡ್ಯೂಟಿಯಲ್ಲಿದ್ದಾಗ ಬಾಂಬು ಸಿಡಿದು ಸತ್ತವನು. ಅವನಿಲ್ಲದ ಎರಡನೇ ಹಿರಿಯರ ಹಬ್ಬ ಇದು. ಅಲ್ಲಾಳಸಂದ್ರದ ಈ ಮನೆಯಲ್ಲಿ ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಕೂರಬೇಕು. ಸತ್ತವರು ಬಂದು ಉಂಡು ಹೋಗುವ ತನಕ ಬಾಗಿಲು ತೆರೆಯುವಂತಿಲ್ಲ.

ಎಲ್ಲರೂ ವರಾಂಡದಲ್ಲಿ ಕೂತರು. ಶಶಿರೇಖಾ ಮಾತ್ರ ಪಕ್ಕದ ರೂಮಿಗೆ ಹೋದಳು. ಮೈದುನ ಮಹೇಂದ್ರ ನಾಳೆ ಬೆಳಿಗ್ಗೆ ಹೊರಡುವವನಿದ್ದ. ಅಣ್ಣನಿದ್ದ ಪಡೆಯಲ್ಲೇ ಅವನೂ ಇದ್ದ, ಅದೇ ಕಣಿವೆಯಲ್ಲಿ. ಅವನ ಬಟ್ಟೆಗಳನ್ನು ಟ್ರಂಕಿಗೆ ಜೋಡಿಸಿಡೋಣವೆಂದು ಮಂಚದ ಮೇಲಿದ್ದ ಯೂನಿಫಾರ್ಮಿನ ಅಂಗಿಯನ್ನು ಎತ್ತಿಕೊಂಡಳು. ಎದೆಯ ಮೇಲಿನ ಹೆಸರಿನ ಪಟ್ಟಿ ಕಣ್ಣಿಗೆ ಬಿತ್ತು.

ಅದು ಶಿವರಾಮನದು.

ಎಡೆಗೆ ಪ್ರತಿ ವರ್ಷ ಹೊಸ ಪಂಚೆ, ಸೀರೆಯ ಜೊತೆ ಶಿವರಾಮನ ಅಂಗಿಯನ್ನೂ ಇಡಬೇಕೆನ್ನುವುದು ಅತ್ತೆ ದ್ರೌಪದಮ್ಮನ ಹಟ. ಮೂಲೆಯ ಇಸ್ತ್ರಿ ಗಾಡಿಯವನು ಅಣ್ಣತಮ್ಮಂದಿರ ಎರಡೂ ಅಂಗಿಗಳನ್ನು ಒಂದೇ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ. ಬಣ್ಣ ಒಂದೇ, ಅಳತೆಯೂ ಒಂದೇ. ಹೆಸರು ಇದ್ದದ್ದು ಇಂಗ್ಲಿಷಿನಲ್ಲಿ. ಅತ್ತೆಗೆ ಕನ್ನಡವೇ ಓದಲು ಬಾರದು.

ಹಾಗಾದರೆ ಮುಚ್ಚಿದ ಬಾಗಿಲ ಹಿಂದೆ, ಸತ್ತವರ ಸಾಲಿನಲ್ಲಿ, ಎಲೆಯ ಮುಂದೆ ಇರುವುದು ಮಹೇಂದ್ರನ ಅಂಗಿ. ಇದು ಹೊರಬಿದ್ದರೆ ಅತ್ತೆ ಎದೆ ಒಡೆದುಕೊಂಡಾರು. ಶಶಿರೇಖಾಳಿಗೆ ಇಂಥದರಲ್ಲೆಲ್ಲ ನಂಬಿಕೆ ಇರಲಿಲ್ಲ. ಆದರೆ ಎರಡು ವರ್ಷದಿಂದ, ಸಾವಿನ ಸುದ್ದಿ ತಂದ ಲ್ಯಾಂಡ್‌ಲೈನಿನ ಗಂಟೆಗೇ ಬೆಚ್ಚಿಬೀಳುವವಳಿಗೆ ನಂಬಿಕೆಯಿಲ್ಲ ಎಂದುಕೊಳ್ಳುವ ಧೈರ್ಯವೂ ಇರಲಿಲ್ಲ. ಅಂಗಿಯನ್ನು ದಿಂಬಿನ ಕೆಳಗೆ ತಳ್ಳಿ ಹೊರಗೆ ಬಂದಳು.

ವರಾಂಡದಲ್ಲಿ ಅತ್ತೆಯ ತಮ್ಮ ಅನಂತರಾಜು ಮಾತಿಗೆ ಕೂತಿದ್ದ. ತಣಿಸಂದ್ರದಲ್ಲಿ ಅಪಾರ್ಟ್‌ಮೆಂಟು ಕಟ್ಟಿಸುವವನು. ಮಾತನ್ನೂ ಮಹಡಿಯ ಮೇಲೆ ಮಹಡಿಯಂತೆ ಏರಿಸುತ್ತಿದ್ದ.

"ಕಾಶ್ಮೀರದಲ್ಲಿ ಪ್ರತಿ ಊರಿಗೂ ಒಂದು ಕ್ಯಾಂಪ್ ಹಾಕ್ಬೇಕು ಭಾವ. ಪ್ರತಿ ಮನೆ ಮುಂದೆ ಒಂದು ಬಂದೂಕು. ಆಮೇಲ್ ನೋಡಿ, ಟೆರರಿಸ್ಟ್ ಅನ್ನೋನು ಎಲ್ಲಿರ್ತಾನೆ ಅಂತ. ನಿನ್ನೆ ಟೀವಿಲಿ ಯಾವನೋ ಕೂತ್ಕೊಂಡು ಸೈನ್ಯದ ಆಕ್ರಮಣ ಅಂತಾನೆ. ನಮ್ಮ ನೆಲದಲ್ಲಿ ನಾವಿದ್ರೆ ಅದು ಆಕ್ರಮಣನಾ?"

"ನಿನ್ ಸೈಟಿಗೆ ಪಕ್ಕದೋನು ಕಾಂಪೌಂಡ್ ಆಕ್ದಾಗ್ಲೂ ಇಂಗೇ ಎಗರಾಡ್ದೆ," ಎಂದರು ಮುನಿಗಂಗಪ್ಪ. "ಕೊನೆಗೆ ಕೂತು ಮಾತಾಡ್ಕೊಂಡ್ಯಲ್ಲ?"

"ಅದು ಸೈಟು. ಇದು ದೇಶ ಭಾವ!"

"ಅಳತೆ ಬ್ಯಾರೆ, ಅಷ್ಟೇಯ."

ಅನಂತರಾಜು ನಕ್ಕ. ಮಹೇಂದ್ರ ನಗಲಿಲ್ಲ. ಕಂಬಕ್ಕೆ ಒರಗಿ ನಿಂತವನು ಅಲ್ಲಿಂದಲೇ ಹೇಳಿದ: "ಮಾತಾಡ್ಕೊಂಡಿದ್ದಕ್ಕೇ ಅಣ್ಣ ಹೋಗಿದ್ದು, ಅಪ್ಪ."

ಅನಂತರಾಜು ಅವನ ಕಡೆ ತಿರುಗಿದ.

"ಆ ಊರಲ್ಲಿ ಟೀ ಅಂಗಡಿಯವನೊಬ್ಬನ ಜೊತೆ ಅಣ್ಣಂಗೆ ದೋಸ್ತಿ. ಅವನ ಮಕ್ಕಳಿಗೆ ಇಲ್ಲಿಂದ ಮೈಸೂರ್‌ಪಾಕ್ ತಗೊಂಡ್ ಹೋಗಿದ್ದ. ಬಾಂಬ್ ಇಟ್ಟಿದ್ದು ಅವನ ಅಂಗಡಿಯಿಂದ ಕೂಗಿದ್ರೆ ಕೇಳೋ ಅಷ್ಟು ದೂರದಲ್ಲಿ. ಇಡೀ ಊರಿಗೆ ಗೊತ್ತಿತ್ತು. ಒಬ್ಬ ಬಾಯಿ ಬಿಟ್ನಾ?" ಮಹೇಂದ್ರ ಕಂಬ ಬಿಟ್ಟು ಮುಂದೆ ಬಂದ. "ಮಾವ ಹೇಳೋದು ಸರಿ. ನಾನು ಸರ್ಚ್ ಟೀಮಿಗೆ ಹೆಸರು ಕೊಟ್ಟಿದ್ದೀನಿ. ಆ ಊರೂ ಅದರಲ್ಲೇ ಬರುತ್ತೆ. ಈ ಸಲ ಒಂದ್ ಮನೇನೂ ಬಿಡಲ್ಲ."

"ಬಿಡಬ್ಯಾಡ," ಎಂದರು ದ್ರೌಪದಮ್ಮ. ಅವರ ದನಿ ನಡುಗಲಿಲ್ಲ. "ಒಂದನ್ನೂ ಬಿಡಬ್ಯಾಡ."

ಆಗಲೇ ಹತ್ತಿರದ ವಾಯುನೆಲೆಯ ಕಡೆಯಿಂದ ತರಬೇತಿಯ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಶಶಿರೇಖಾ ಮೈದುನನ ಮುಖವನ್ನೇ ನೋಡುತ್ತಿದ್ದಳು. ಹದಿನೈದು ದಿನದ ರಜೆಯಲ್ಲಿ ಅವನು ಒಮ್ಮೆಯೂ ನೆಮ್ಮದಿಯಾಗಿ ಉಂಡಿರಲಿಲ್ಲ. ಹೀಗೆ ಹೋದವನು ಒಂದೋ ಸಾಯುತ್ತಾನೆ, ಇಲ್ಲವೇ ಯಾರನ್ನೋ ಸಾಯಿಸಿ ಬೇರೆ ಯಾರೋ ಆಗಿ ಬರುತ್ತಾನೆ. ಇಷ್ಟು ದಿನ ನುಂಗಿಕೊಂಡಿದ್ದ ಮಾತು ನಾಲಗೆಯ ತುದಿಗೆ ಬಂತು.

"ಅದಕ್ಕೂ ಮುಂಚೆ ಎರಡು ಸಲ ಬಾಯಿ ಬಿಟ್ಟಿದ್ರು, ಮಹೇಂದ್ರ."

"ಏನು?"

"ಆ ಟೀ ಅಂಗಡಿಯವರೇ. ಈ ದಾರಿಲಿ ಇವತ್ತು ಬೇಡ ಅಂತ ನಿಮ್ಮಣ್ಣಂಗೆ ಎರಡು ಸಲ ಹೇಳಿದ್ರು. ಎರಡು ಸಲಾನೂ ಬಾಂಬ್ ಸಿಕ್ತು. ಆಮೇಲೆ ಒಂದು ದಿನ ನಮ್ಮ ಪಡೆಯವರೇ ಇಡೀ ಊರನ್ನ ಮಂಜಲ್ಲಿ ನಿಲ್ಲಿಸಿ ಮನೆ ಮನೆ ಹುಡುಕಿದ್ರಂತೆ. ಅಂಗಡಿಯವರ ಅಪ್ಪ, ವಯಸ್ಸಾದವರು, ನಿಂತಲ್ಲೇ ಬಿದ್ದು ಹಾಸಿಗೆ ಹಿಡಿದ್ರಂತೆ. ಅಲ್ಲಿಂದಾಚೆ ಯಾರೂ ಏನೂ ಹೇಳ್ಲಿಲ್ಲ. ಇದನ್ನೆಲ್ಲ ನಿಮ್ಮಣ್ಣನೇ ನಂಗೆ ಫೋನಲ್ಲಿ ಹೇಳಿದ್ದು."

"ಅಂದ್ರೆ? ತಪ್ಪು ಅಣ್ಣನದೇ ಅಂತೀರಾ ಅತ್ತಿಗೆ?"

"ನಾನು ಹಾಗನ್ನಲಿಲ್ಲ."

"ನನ್ ಮಗನ್ನ ಕೊಂದೋರ ಪರ ನಿಂತ್ಕತೀಯೇನೆ?" ದ್ರೌಪದಮ್ಮ ಎದ್ದು ನಿಂತರು. "ಅವ್ನು ಒಳಗೆ ಉಣ್ತಾವ್ನೆ, ನೀನ್ ಇಲ್ಲಿ ಅವ್ರ ಪರ ವಕಾಲತ್ತು?"

"ಪರ ಅಲ್ಲ ಅತ್ತೆ. ಬಾಂಬ್ ಇಟ್ಟೋರನ್ನ ಹಿಡೀಲಿ, ಬಿಡೋದೇ ಬೇಡ. ಆದ್ರೆ ಹಿಡಿಯೋಕೆ ಇಂಥೋನು ಅಂತ ಯಾರಾದ್ರೂ ತೋರಿಸ್ಬೇಕಲ್ಲ? ಬೆಳಗ್ಗೆ ಹಾಲಿಗೆ ಹೋಗೋಕೂ ಗುರುತಿನ ಚೀಟಿ ತೋರಿಸ್ಬೇಕಾದ ಆ ಊರಿನೋರು ನಮಗೆ ಯಾಕೆ ಅವನನ್ನ ತೋರಿಸ್ತಾರೆ? ನಾವು ಅದನ್ನ ಕಾವಲು ಅಂತೀವಿ. ಅವರು ಏನಂತಾರೋ."

"ಚೆನ್ನಾಗಿದೆಯಮ್ಮ, ಕಾಲೇಜಲ್ಲಿ ಪಾಠ ಮಾಡಿದಂಗೆ," ಎಂದ ಅನಂತರಾಜು. "ಪಾಠ ಕೇಳಿ ಯಾವ ಟೆರರಿಸ್ಟೂ ಬಂದೂಕು ಕೆಳಗಿಟ್ಟಿಲ್ಲ."

ಮಹೇಂದ್ರ ಅವನ ಮಾತಿಗೆ ಕಿವಿಗೊಡಲಿಲ್ಲ. "ಒಂದ್ ವಿಷ್ಯ ಹೇಳಿ ಅತ್ತಿಗೆ. ನಮಗೆ ತೋರಿಸಿದವನ ಮನೆಗೆ ಅವತ್ತೇ ಟೆರರಿಸ್ಟ್‌ಗಳು ಬರ್ತಾರೆ. ಬಂದು ಹೆಂಡ್ತಿ ಮಕ್ಕಳ ಮುಂದೆ ಹೊಡೆದು ಹೋಗ್ತಾರೆ. ನಾನೇ ಹೋಗಿ ಹೆಣ ಎತ್ತಿದ್ದೀನಿ. ನಾವು ಅಲ್ಲಿ ಇಲ್ದಿದ್ರೆ ಅವನನ್ನ ಯಾರು ಕಾಯ್ತಾರೆ?"

ಅವನು ಹೇಳಿದ್ದು ನಿಜ. ಶಶಿರೇಖಾ ಹೇಳಿದ್ದೂ ನಿಜ. ಎರಡು ನಿಜಗಳ ನಡುವೆ ಬಾಗಿಲ ಹಿಂದಿನ ಆ ಅಂಗಿ ಅವಳ ಎದೆಯನ್ನು ಒತ್ತುತ್ತಿತ್ತು.

"ಟ್ರಂಕ್ ಕಟ್ಕೋತೀನಿ," ಎಂದು ಮಹೇಂದ್ರ ರೂಮಿನ ಕಡೆ ತಿರುಗಿದ. "ನನ್ನ ಅಂಗಿ ಮಂಚದ ಮೇಲಿತ್ತಲ್ವಾ?"

ಅವನು ನೋಡಿದರೆ ಹೇಗೂ ಗೊತ್ತಾಗುತ್ತದೆ. "ಇಲ್ಲ," ಎಂದಳು ಶಶಿರೇಖಾ. "ಅದು ಒಳಗಿದೆ. ಎಡೆಯ ಮುಂದೆ. ಬದಲಾಗಿಬಿಟ್ಟಿದೆ."

ಮೊದಲು ಅರ್ಥವಾದದ್ದು ದ್ರೌಪದಮ್ಮನಿಗೆ. ಅವರ ಬಾಯಿಂದ ಅಳುವೂ ಅಲ್ಲದ ಕೂಗೂ ಅಲ್ಲದ ಸದ್ದೊಂದು ಬಂತು. "ನನ್ ಕೈಯಾರೆ... ನನ್ ಕೈಯಾರೆ ಇಟ್ನಲ್ಲೋ!" ಎಂದು ಕಂಬ ಹಿಡಿದು ಕುಸಿದು ಕೂತರು.

"ಅಯ್ಯೋ ಅಮ್ಮ, ಬಟ್ಟೆ ಅದು. ಈಗ್ಲೇ ತರ್ತೀನಿ ಇರು." ಮಹೇಂದ್ರ ಎರಡು ಹೆಜ್ಜೆಗೆ ನಡುಮನೆಯ ಬಾಗಿಲು ಮುಟ್ಟಿದ. ಚಿಲಕ ಸರಿಸಿ, ಹೆಗಲು ಕೊಟ್ಟು ತಳ್ಳಲು ಹೋದ. ಅದು ಕಲಿತ ಹೆಗಲು. ಎಷ್ಟೋ ಬಾಗಿಲುಗಳನ್ನು ಕಂಡದ್ದು.

ಮುನಿಗಂಗಪ್ಪ ಅಡ್ಡ ಬಂದು ಬಾಗಿಲಿಗೆ ಬೆನ್ನು ಕೊಟ್ಟರು.

"ಮಗಾ, ಒಳಗೆ ಉಣ್ತಾವ್ರೆ. ಉಣ್ಣೋರ ಮನೆ ಬಾಗ್ಲು ಇಂಗೆ ತಳ್ತಾರೇನೋ?"

ಮಹೇಂದ್ರ ಏನನ್ನೋ ನೆನೆದವನಂತೆ ತನ್ನ ಹೆಗಲನ್ನೇ ಒಮ್ಮೆ ನೋಡಿಕೊಂಡ. ಅವನ ಕಣ್ಣ ಮುಂದೆ ಯಾವ ಮನೆ, ಯಾವ ತಟ್ಟೆಗಳು ಬಂದವೋ ಶಶಿರೇಖಾಳಿಗೆ ತಿಳಿಯದು. ಬಂದದ್ದಂತೂ ಹೌದು.

"ತಳ್ಳಿದ್ದೀನಿ ಅಪ್ಪ," ಎಂದ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

ಮುನಿಗಂಗಪ್ಪ ತಿರುಗಿ ಬಾಗಿಲು ತಟ್ಟಿದರು, ಕೆಮ್ಮಿದರು, ಸ್ವಲ್ಪ ಹೊತ್ತು ಕಾದು ತಾವೇ ತೆರೆದು ಒಳಗೆ ಹೋದರು. ಅಂಗಿಯನ್ನು ತಂದು ಮಗನ ಕೈಗೆ ಕೊಡದೆ ಹೆಂಡತಿಯ ಮಡಿಲಿಗೆ ಹಾಕಿದರು. ದ್ರೌಪದಮ್ಮ ಅದನ್ನು ಎರಡೂ ಕೈಯಲ್ಲಿ ಹಿಂಡಿ ಹಿಡಿದುಕೊಂಡರು.

"ಇದನ್ನ ಆಕ್ಕಬ್ಯಾಡ. ಆ ಟೀಮಿಗೂ ಓಗಬ್ಯಾಡ ಕಣಪ್ಪ."

"ಈಗ ತಾನೇ ಒಂದ್ ಮನೇನೂ ಬಿಡಬೇಡ ಅಂದ್ಯಲ್ಲಮ್ಮ. ಯಾರು ಹೋಗ್ಬೇಕು ಮತ್ತೆ?"

"ಯಾರಾರಾ ಓಗ್ಲಿ."

ಆ ಮಾತಿಗೆ ಅನಂತರಾಜು ಕೂಡ ತಲೆ ತಗ್ಗಿಸಿದ. ದ್ರೌಪದಮ್ಮನಿಗೆ ನಾಚಿಕೆಯಾದಂತೆ ಕಾಣಲಿಲ್ಲ. ಒಬ್ಬ ಮಗನನ್ನು ಕೊಟ್ಟವರು ಯಾಕಾದರೂ ನಾಚಬೇಕು ಅನ್ನಿಸಿತು ಶಶಿರೇಖಾಳಿಗೆ.

ಮಹೇಂದ್ರ ಅವಳ ಕಡೆ ತಿರುಗಿದ. "ಆ ಟೀ ಅಂಗಡಿಯವನ ಹೆಸರೇನು ಅತ್ತಿಗೆ?"

"ಯಾಕೆ?"

"ಸುಮ್ನೆ."

"ಸುಮ್ನೆ ಕೇಳೋ ಹೆಸರಲ್ಲ ಅದು." ಈ ಹೆಸರು ಯಾವ ಕೈಗೆ ಸಿಗುತ್ತಿದೆ, ಯಾಕಾಗಿ ಎಂದು ಅವಳಿಗೆ ಗೊತ್ತಾಗಬೇಕಿತ್ತು. "ನೀವು ಸರ್ಚ್ ಟೀಮಲ್ಲಿ ಹೋಗೋದಾದ್ರೆ ನಂಗದು ಮರೆತುಹೋಗಿದೆ."

ಮಹೇಂದ್ರ ಫೋನು ತೆಗೆದು ಅಂಗಳಕ್ಕೆ ಇಳಿದ. ಅವನು ಹಿಂದಿಯಲ್ಲಿ ಮಾತಾಡುತ್ತಿದ್ದುದು ಎಲ್ಲರಿಗೂ ಕೇಳಿಸುತ್ತಿತ್ತು. ಅರ್ಥವಾಗುತ್ತಿದ್ದುದು ಅನಂತರಾಜುವಿಗೂ ಅವಳಿಗೂ ಮಾತ್ರ. ಸಾರ್, ಸರ್ಚ್ ಟೀಮಿನಿಂದ ನನ್ನ ಹೆಸರು ತೆಗೀರಿ. ಇಲ್ಲ ಸಾರ್, ಭಯ ಅಲ್ಲ. ಆ ಕಡೆಯವರು ಏನೋ ಕೇಳಿದರು. ಮಹೇಂದ್ರ ಬೇಲಿಯಾಚೆ ನೋಡುತ್ತ ನಿಂತ. ಸರಿ ಸಾರ್, ಅದನ್ನೇ ಕೊಡಿ, ಅಣ್ಣನಿದ್ದ ರಸ್ತೆಯ ಡ್ಯೂಟಿ.

ಶಶಿರೇಖಾ ಕೇಳಿದ್ದು ಸಿಕ್ಕಿತ್ತು. ಆದರೆ ಅದರ ಬದಲಿಗೆ ಮೈದುನನಿಗೆ ಸಿಕ್ಕಿದ್ದು ಅವಳ ಗಂಡ ಮಾಡುತ್ತಿದ್ದ ಕೆಲಸ.

"ಏನಂತೆ?" ಎಂದು ದ್ರೌಪದಮ್ಮ ತಮ್ಮನನ್ನು ಕೇಳಿದರು. "ಏಳೋ, ಏನಂದ ಅವ್ನು?"

ಹೇಳಲೋ ಬೇಡವೋ ಎಂಬಂತೆ ಅನಂತರಾಜು ಶಶಿರೇಖಾಳ ಕಡೆ ತಿರುಗಿದ. ಅವಳು ಅಷ್ಟರಲ್ಲಿ ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕೆ ಇಳಿದಾಗಿತ್ತು. ಮಹೇಂದ್ರನ ಹತ್ತಿರ ಹೋಗಿ ಹೆಸರು ಹೇಳಿದಳು.

"ಅಹದ್ ಜೂ. ಜೂ ಅಂತ ಅಲ್ಲಿ ಮರ್ಯಾದೆಗೆ ಸೇರಿಸ್ತಾರೆ. ಮಗಳ ಹೆಸರು ಶಬನಮ್. ಮೊದಲು ಅವರಪ್ಪ ಹೇಗಿದ್ದಾರೆ ಅಂತ ಕೇಳಿ. ಟೀ ಕೊಟ್ರೆ ಕುಡೀರಿ. ರಸ್ತೆ ವಿಷ್ಯ ನೀವಾಗಿ ಎತ್ಬೇಡಿ."

"ಕೊಡದಿದ್ರೆ?"

"ಕೊಡದಿದ್ರೆ ಮಾರನೇ ದಿನ ಹೋಗಿ."

ಮಹೇಂದ್ರ ತಲೆಯಾಡಿಸಿದ. ಹೆಸರನ್ನು ಸರಿಯಾಗಿ ಹಿಡಿದುಕೊಂಡನೋ ಇಲ್ಲವೋ ಎಂದು ಅವಳು ಅವನಿಂದ ಇನ್ನೊಮ್ಮೆ ಹೇಳಿಸಿದಳು.