ಸೆರಗಿನ ಗಂಟಿನಲ್ಲಿದ್ದ ಮಾತ್ರೆ

ದತ್ತುವಿಗೆ ಸಿಟ್ಟು ಮೂಗಿನ ತುದಿಯಲ್ಲಿ. ತಂಗಿಯ ಮೇಲಿನ ಮಮತೆಯೂ ಅಷ್ಟೇ ಹತ್ತಿರ. ಜಹೀರಾಬಾದಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಬೋಲ್ಟು ಬಿಗಿದವನು ಅವನು. ಯಾವ ಕೆಲಸ ಹಿಡಿದರೂ ಒಂದು ಸುತ್ತು ಹೆಚ್ಚಿಗೆ ಬಿಗಿಯದೆ ಬಿಡುತ್ತಿರಲಿಲ್ಲ.

ತಂಗಿ ಶಿವಲಕ್ಷ್ಮಿಗೆ ಎರಡು ದಿನದಿಂದ ವಾಂತಿ ಎಂದು ಕೇಳಿದ್ದೇ ತಡ, ಕಲ್ಹೇರಿನ ಅವಳ ಗಂಡನ ಮನೆಗೆ ಓಡಿಬಂದ. ಬರಿಗೈಲಿ ಬರಲಿಲ್ಲ. ಹೋದ ವರ್ಷ ಹೆಂಡತಿ ಸ್ವಾತಿಗೆ ಆಪರೇಶನ್ ಆದಾಗ ಡಾಕ್ಟರು ವಾಂತಿಗೆ ಬರೆದುಕೊಟ್ಟಿದ್ದ ಮಾತ್ರೆಯ ಖಾಲಿ ಪಟ್ಟಿ ಅವನ ಪಾಕೀಟಿನಲ್ಲಿ ಭದ್ರವಾಗಿತ್ತು. ಅದನ್ನೇ ಮೆಡಿಕಲ್ ಅಂಗಡಿಯಲ್ಲಿ ತೋರಿಸಿ ಹೊಸ ಪಟ್ಟಿ ತಂದಿದ್ದ. ಈ ಸೀಮೆಯಲ್ಲಿ ಇದು ರೂಢಿಯೇ. ಖಾಲಿ ಪಟ್ಟಿಯೊಂದು ಕೈಲಿದ್ದರೆ ಪ್ರತಿಯೊಬ್ಬನೂ ಅರ್ಧ ಡಾಕ್ಟರು, ದತ್ತು ಅಂಥವನಾದರೆ ಪೂರ್ತಿ ಡಾಕ್ಟರು!

"ಒಂದಕ್ಕ ನಿಲ್ಲಲಿಲ್ಲಂದ್ರ ಎರಡೆರಡು ನುಂಗು. ಯಾರ್ನೂ ಕೇಳಬ್ಯಾಡ," ಎಂದು ಪಟ್ಟಿಯನ್ನು ತಂಗಿಯ ಕೈಗಿಟ್ಟ. ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಆ ಸಂಜೆ ಅವಳ ಗಂಡ ಕಾಶಿನಾಥ, "ಹತ್ತಿ ಹೊಲದಾಗ ಕೆಲಸ ಬಿದ್ದದ, ಇಕಿ ಮಲಗ್ಯಾಳ," ಎಂದು ಗೊಣಗಿದ್ದು ದತ್ತುವಿನ ಕಿವಿಗೆ ಬಿತ್ತು. ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತಾ ಚಹಾ ಕುಡಿಯುತ್ತಿದ್ದಾಗ ನೆರೆಮನೆಯ ಬಾಲಮಣಿ ಏದುಸಿರು ಬಿಡುತ್ತಾ ಬಂದಳು. "ದತ್ತಣ್ಣಾ, ಜಲ್ದಿ ಬರ್ರಿ! ನಿಮ್ಮ ತಂಗಿ ಸೆಟೆದು ಬಿದ್ದಾಳ!"

ಅಂಗಳದಲ್ಲಿ ಕಂಡದ್ದು ಇಷ್ಟು: ತಂಗಿಯ ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡಿದೆ, ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡಿವೆ. ಅವಳ ಎದೆಯ ಮೇಲೆ ಬಗ್ಗಿದ ಕಾಶಿನಾಥ ಅವಳ ಬಾಯೊಳಗೆ ಬೆರಳು ತುರುಕಿದ್ದಾನೆ. ಅವನ ಅಂಗಿಯೆಲ್ಲ ಕೀಟನಾಶಕದ ಘಾಟು. ಪಕ್ಕದಲ್ಲೇ ಅದರ ಡಬ್ಬಿ.

"ಎಣ್ಣಿ ಕುಡಿಸ್ಯಾನೋ! ನನ್ನ ತಂಗಿಗಿ ಬೆಳಿಗಿ ಹೊಡಿಯೋ ಎಣ್ಣಿ ಕುಡಿಸ್ಯಾನೋ!"

"ಇಲ್ರಿ ದತ್ತಣ್ಣ, ನಾಲಿಗಿ ಕಚಗೊಳ್ಳಾಕತ್ತಾಳ, ಆಟೋ ತರ್ರಿ..."

ಗೋಡೆಗೆ ಒರಗಿದ್ದ ಸಲಿಕೆಯ ಕಾವು ದತ್ತುವಿನ ಕೈಗೆ ಬಂದಿತ್ತು. ಮೊದಲ ಏಟಿಗೆ ಕಾಶಿನಾಥನ ಮೊಣಕೈ ಲಟಕ್ಕೆಂದಿತು. ಎರಡನೆಯದು ದವಡೆಗೆ. ಅವನು ನೆಲಕ್ಕೆ ಬಿದ್ದು ಹೆಂಡತಿಯತ್ತ ತೆವಳಿದ. ಇನ್ನೂ ಕುಡಿಸಲು ಹೊರಟನೆಂದು ದತ್ತು ತಲೆಗೇ ಬಾರಿಸಿದ. ಕಾಶಿನಾಥನ ತಾಯಿ ಬಾಳಮ್ಮ ಮಗನ ಮೇಲೆ ಅಡ್ಡಬಿದ್ದಳು. ಅವಳ ಬೆನ್ನಿಗೂ ಒಂದು ಬಿತ್ತು. ಕಾಶಿನಾಥನ ಕಿವಿಯಿಂದ ರಕ್ತ ಇಳಿದು ಮಣ್ಣು ಕೆಂಪಾಯಿತು. ಬಿಡಿಸಲು ಬಂದ ಇಬ್ಬರು ಆ ಕಣ್ಣು ನೋಡಿ ಹಿಂದೆ ಸರಿದರು.

ಆಮೇಲೆ ತಂಗಿಯ ಸರದಿ. ವಿಷ ಕಕ್ಕಿಸಬೇಕಲ್ಲ! ಕಚ್ಚಿಕೊಂಡ ಹಲ್ಲುಗಳ ನಡುವೆ ದತ್ತು ಚಮಚ ತೂರಿಸಿ ಒತ್ತಿದ. ಮುಂದಿನ ಹಲ್ಲೊಂದು ಮುರಿದು ಬಂತು. ಸೋಪಿನ ನೀರು ಸುರಿದ. ಏಟು ಬೀಳುವಾಗಿನಿಂದಲೂ "ಅ... ಅ..." ಎನ್ನುತ್ತಿದ್ದವಳು ಮತ್ತೆ ಹಾಗೇ ನರಳಿದಳು, ಕಣ್ಣಂಚಿನಿಂದ ನೀರು ಇಳಿಯಿತು. ವಿಷ ಒಳಗೆ ಸುಡುತ್ತಿದೆ ಎಂದುಕೊಂಡು ಅವನು ಇನ್ನೊಂದು ಚೆಂಬು ಸುರಿದ. ಅಯ್ಯೋ, ಎಂಥ ಅಣ್ಣ!

ತಂಗಿಯನ್ನು ಮಲಗಿಸಿ, ಬಾಲಮಣಿಯನ್ನು ಜೊತೆಗೆ ಕೂಡಿಸಿಕೊಂಡು ಆಟೋದಲ್ಲಿ ನಾರಾಯಣಖೇಡ್ ಮುಟ್ಟಿದ. ಕಾಶಿನಾಥ ಅಂಗಳದಲ್ಲೇ ಉಳಿದ. ಅವನನ್ನು ಹತ್ತಿಸಿಕೊಳ್ಳೋಣವೆಂದ ಆಟೋದವನಿಗೆ ದತ್ತು, "ಸಾಯಲಿ," ಎಂದಿದ್ದ.

ದವಾಖಾನೆಯಲ್ಲಿ ಡಾಕ್ಟರ್ ಮೃಣಾಲಿನಿ ರೋಗಿಯ ಬಾಯಿ ಮೂಸಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. "ಎಣ್ಣಿ ಅಲ್ಲ ಇದು. ಏನು ಗುಳಿಗಿ ತಗೊಂಡಾಳ?"

ನರ್ಸು ಸೆರಗಿನ ಗಂಟು ಬಿಚ್ಚಿದಳು. ಹತ್ತರಲ್ಲಿ ಉಳಿದದ್ದು ಎರಡು.

"ಯಾರು ಕೊಟ್ರು?"

ದತ್ತು ಪಾಕೀಟಿನಿಂದ ಖಾಲಿ ಪಟ್ಟಿ ತೆಗೆದು ತೋರಿಸಿದ. "ನಾನೇ ರೀ, ನಿನ್ನಿ. ವಾಂತಿದು. ಒಳ್ಳೇ ಔಷಧ."

"ಔಷಧ ಒಳ್ಳೇದೇ. ಆಪರೇಶನ್ ಆದವರಿಗಿ, ಕ್ಯಾನ್ಸರಿನವರಿಗಿ ನಾವೇ ಬರೀತೀವಿ. ಆದ್ರ ಹರೇದವರಿಗಿ ಒಮ್ಮೊಮ್ಮಿ ಹಿಂಗ ಕುತ್ತಿಗಿ, ಕಣ್ಣು, ನಾಲಿಗಿ ತಿರುಚಿಬಿಡ್ತದ. ಅದಕ್ಕೇ ಅಳತಿ ನೋಡಿ ಕೊಡೂದು. ಒಂದು ದಿನದಾಗ ಎಂಟು? ಖಬರ್ ಮಾತ್ರ ತಪ್ಪೂದಿಲ್ಲ, ಆಕಿಗಿ ಎಲ್ಲಾ ಗೊತ್ತಾಗ್ತಿರ್ತದ."

ಒಂದು ಇಂಜೆಕ್ಷನ್. ಹತ್ತು ನಿಮಿಷಕ್ಕೆ ಕುತ್ತಿಗೆ ಸಡಿಲವಾಯಿತು, ಕಣ್ಣುಗಳು ಕೆಳಗಿಳಿದು ಅಣ್ಣನ ಮೇಲೆ ನಿಂತವು.

"ಅವರು ಹತ್ತಿಗಿ ಎಣ್ಣಿ ಹೊಡೆದು ಬಂದಿದ್ರು. ನನ್ನ ನಾಲಿಗಿ ಉಳಸಾಕ ಬೆರಳು ಇಟ್ಟಿದ್ರು," ಎಂದಳು ಮುರಿದ ಹಲ್ಲಿನ ಸಂದಿನಿಂದ. "'ಅಣ್ಣಾ, ಹೊಡಿಬ್ಯಾಡ' ಅಂತ ಒದರಾಕತ್ತಿದ್ದೆ. ಬರೇ 'ಅ' ಅಷ್ಟೇ ಬಂತು. ಅವರು ಎಲ್ಲಿ?"

ದತ್ತುವಿನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬಾಳಮ್ಮನ ನಂಬರು. ಕಿವಿಗೆ ಹಿಡಿದ.

"ಉಸಿರು ನಿಂತದ ದತ್ತಾ," ಎಂದಳು ಆ ಮುದುಕಿ, ಅಳದೆ. "ಕಡೀತನಕ ಒಂದೇ ಕೇಳ್ದ ನನ್ನ ಮಗ. ಆಕಿ ಉಳದಾಳೇನು ಅಂತ."

ದತ್ತು ಫೋನನ್ನು ಕಿವಿಯಿಂದ ಇಳಿಸಿದ. ಶಿವಲಕ್ಷ್ಮಿ ಅವನ ಮುಖ ನೋಡಿದಳು. ಯಾರೂ ಹೇಳುವ ಅಗತ್ಯ ಬೀಳಲಿಲ್ಲ. ಮಂಚದ ಮೇಲಿಂದ ಕೈ ಚಾಚಿದಳು.

"ಫೋನ್ ಇಲ್ಲಿ ಕೊಡು. ಗುಳಿಗಿ ಯಾರು ಕೊಟ್ರಂತ ನಮ್ಮ ಅತ್ತಿಯವರಿಗಿ ನಾ ಹೇಳ್ತೀನಿ. ಈಗ ನನ್ನ ನಾಲಿಗಿ ಹೊರಳತದ."